ಮೊದಲ ಹತ್ತು ನಿಮಿಷ: ಎಲ್ಲ ಮಕ್ಕಳನ್ನೂ ಒಳಗೊಳ್ಳುವ ವಾರ್ಮ್ ಅಪ್ ಗುಂಪು ಆಟಗಳು

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ

ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಶಾಲೆಗೆ ಭೇಟಿ ನೀಡಿದಾಗ ಗಮನಿಸುವ ಸಂಗತಿಗಳು ಬಹುತೇಕ ನಿಶ್ಚಿತವಾಗಿರುತ್ತವೆ. ಕೊಠಡಿಯ ಮೇಲ್ಛಾವಣಿ ಸೋರುತ್ತಿದೆಯೇ, ಕುಡಿಯುವ ನೀರಿನ ನಲ್ಲಿ ಸರಿಯಿದೆಯೇ, ಶೌಚಾಲಯಕ್ಕೆ ನೀರು ಬರುತ್ತಿದೆಯೇ, ಬಿಸಿಯೂಟದ ಗುಣಮಟ್ಟ ಹೇಗಿದೆ ಎಂಬ ಪ್ರಶ್ನೆಗಳನ್ನು ಕೇಳಿ, ಹಾಜರಾತಿ ವಹಿಯನ್ನು ನೋಡಿ ಹಿಂದಿರುಗುವುದು ವಾಡಿಕೆ. ಇವೆಲ್ಲವೂ ಅಗತ್ಯವೇ. ಆದರೆ ಅದೇ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಆಟದ ಅವಧಿ ನಡೆಯುತ್ತಿದ್ದರೆ ಅದನ್ನು ನಿಂತು ನೋಡುವವರು ವಿರಳ. ಮಕ್ಕಳು ಆಡುತ್ತಿದ್ದಾರೆ, ಅಲ್ಲಿ ನೋಡುವುದೇನಿದೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು.

ನೋಡಬೇಕಾದದ್ದು ಇದೆ. ಆಟದ ಅವಧಿಯಲ್ಲಿ ಎಲ್ಲ ಮಕ್ಕಳೂ ಆಡುತ್ತಿದ್ದಾರೆಯೇ, ಇಲ್ಲವೇ ಕೆಲವರು ಆಡುತ್ತಿದ್ದು ಉಳಿದವರು ಮರದ ಕೆಳಗೆ ಕುಳಿತಿದ್ದಾರೆಯೇ ಎಂಬುದು ಕಣ್ಣಿಗೆ ಕಾಣುವ, ಬೆರಳಿನಿಂದ ಎಣಿಸಬಹುದಾದ ಸಂಗತಿ. ಆಟದ ಅವಧಿಯ ಮೊದಲ ಹತ್ತು ನಿಮಿಷಗಳ ಮಹತ್ವ, ಆ ಹತ್ತು ನಿಮಿಷಗಳಲ್ಲಿ ಪ್ರತಿಯೊಂದು ಮಗುವೂ ಓಡುವಂತೆ ಮಾಡುವ ಸರಳ ಗುಂಪು ಆಟಗಳು ಹಾಗೂ ಈ ವಿಷಯದಲ್ಲಿ ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸ, ಈ ಮೂರನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

1. ಇದು ಪಂಚಾಯಿತಿಯ ವಿಷಯ ಹೇಗೆ?

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಒಳಗೊಂಡ ಶಿಕ್ಷಣವು ಅವುಗಳಲ್ಲಿ ಒಂದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದೂ, ಪ್ರತಿ ತರಗತಿಗೆ ಅಗತ್ಯಕ್ಕೆ ತಕ್ಕಂತೆ ಆಟದ ಸಾಮಗ್ರಿ ಒದಗಿಸಬೇಕೆಂದೂ ಹೇಳುತ್ತದೆ. ಅದೇ ಕಾಯ್ದೆಯ ಪ್ರಕಾರ ರಚನೆಯಾಗುವ ಶಾಲಾ ಆಡಳಿತ ವ್ಯವಸ್ಥೆಯಲ್ಲಿ ಪೋಷಕರ ಜೊತೆಗೆ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳಿಗೂ ಸ್ಥಾನವಿದೆ. ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ನಿರ್ವಹಿಸುತ್ತಿವೆ. ಆದ್ದರಿಂದ ಆಟದ ಅವಧಿಯ ಬಗ್ಗೆ ಪ್ರಶ್ನೆ ಕೇಳುವುದು ಸದಸ್ಯರ ಕರ್ತವ್ಯದ ವ್ಯಾಪ್ತಿಯೊಳಗಿನ ಮಾತೇ ಆಗಿದೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಉಸಿರು ಏರುವಂತಹ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹಳ್ಳಿಯ ಮಕ್ಕಳು ಹೇಗಿದ್ದರೂ ಓಡಾಡಿಕೊಂಡೇ ಇರುತ್ತಾರೆ ಎಂಬ ನಂಬಿಕೆ ಹಿಂದೆ ನಿಜವಾಗಿದ್ದಿರಬಹುದು. ಇಂದು ಶಾಲಾ ವಾಹನ ಮನೆಯ ಬಾಗಿಲಿಗೆ ಬರುತ್ತದೆ, ಸಂಜೆಯ ಹೊತ್ತನ್ನು ಮೊಬೈಲ್ ಹಂಚಿಕೊಳ್ಳುತ್ತದೆ. ಅನೇಕ ಮಕ್ಕಳಿಗೆ, ಅದರಲ್ಲಿಯೂ ಮನೆಗೆಲಸದ ಹೊಣೆ ಹೊತ್ತ ಹೆಣ್ಣುಮಕ್ಕಳಿಗೆ, ಮನಸ್ಸು ಬಿಚ್ಚಿ ಓಡಲು ದೊರೆಯುವ ಏಕೈಕ ಸಮಯ ಶಾಲೆಯ ಆಟದ ಅವಧಿಯೇ ಆಗಿರಬಹುದು.

2. ಮೈಯನ್ನು ಹದಗೊಳಿಸುವುದು ಏಕೆ?

ರೈತನು ಬಿತ್ತುವ ಮುನ್ನ ಭೂಮಿಯನ್ನು ಹದಗೊಳಿಸುತ್ತಾನೆ. ಆಟಕ್ಕೆ ಮುನ್ನ ದೇಹವನ್ನು ಹದಗೊಳಿಸುವುದನ್ನೇ ದೈಹಿಕ ಶಿಕ್ಷಕರು ವಾರ್ಮ್ ಅಪ್ ಎನ್ನುತ್ತಾರೆ. ತರಗತಿಯಲ್ಲಿ ಗಂಟೆಗಟ್ಟಲೆ ಕುಳಿತ ಮಗು ಎದ್ದು ನೇರವಾಗಿ ಕಬಡ್ಡಿ ಅಂಕಣಕ್ಕೆ ಇಳಿದರೆ ಸ್ನಾಯುಗಳು ಇನ್ನೂ ಬಿಗಿಯಾಗಿಯೇ ಇರುತ್ತವೆ. ಐದಾರು ನಿಮಿಷ ಹಗುರವಾಗಿ ಓಡಿ, ಜಿಗಿದು, ದಿಕ್ಕು ಬದಲಿಸಿದಾಗ ಹೃದಯ ಬಡಿತ ಕ್ರಮೇಣ ಏರುತ್ತದೆ; ಸ್ನಾಯುಗಳಿಗೆ ರಕ್ತದ ಹರಿವು ಹೆಚ್ಚಿ ಅವು ಬೆಚ್ಚಗಾಗುತ್ತವೆ; ಕೀಲುಗಳ ಚಲನೆ ಸರಾಗವಾಗುತ್ತದೆ; ಕಣ್ಣು, ಕಾಲು ಮತ್ತು ಮನಸ್ಸು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಇದರ ಪ್ರಯೋಜನವನ್ನು ಪರೀಕ್ಷಿಸಿಯೂ ನೋಡಲಾಗಿದೆ. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಬಾಲಕಿಯರ ಫುಟ್‌ಬಾಲ್ ತಂಡಗಳಲ್ಲಿ ನಡೆಸಿ, 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು 20 ನಿಮಿಷಗಳ ಕ್ರಮಬದ್ಧ ವಾರ್ಮ್ ಅಪ್ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳ ಅಪಾಯ ಇತರ ತಂಡಗಳಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಿತ್ತು. ಆ ವ್ಯಾಯಾಮಗಳಲ್ಲಿ ಓಟ, ಸಮತೋಲನ, ಜಿಗಿದು ಸರಿಯಾಗಿ ನೆಲಕ್ಕಿಳಿಯುವ ಅಭ್ಯಾಸಗಳಿದ್ದವು. ನಮ್ಮ ಶಾಲೆಗಳ 40 ನಿಮಿಷದ ಅವಧಿಯಲ್ಲಿ ಅಷ್ಟು ಸಮಯ ಸಿಗಲಾರದು. ಆದರೆ ಹತ್ತು ನಿಮಿಷ ಖಂಡಿತ ಸಿಗುತ್ತದೆ. ಅದನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿ ಇಳಿಸುವುದರಲ್ಲಿ ಕಳೆಯುವುದಕ್ಕಿಂತ ಆಟದ ರೂಪದಲ್ಲಿ ಬಳಸಿದರೆ ಮಕ್ಕಳು ತಾವಾಗಿಯೇ ಉತ್ಸಾಹದಿಂದ ಓಡುತ್ತಾರೆ.

3. ಲೆಕ್ಕ ಹೇಳುವ ಸತ್ಯ

ಖೊ ಖೊ ಮತ್ತು ಕಬಡ್ಡಿ ನಮ್ಮ ನೆಲದ ಹೆಮ್ಮೆಯ ಆಟಗಳು. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಗೆದ್ದವು. ವಿಜೇತ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಗ್ರಾಮೀಣ ಪ್ರತಿಭೆ ಬಿ. ಚೈತ್ರಾ ಇದ್ದರು. ಹಳ್ಳಿಯ ಮೈದಾನದಿಂದ ವಿಶ್ವಕಪ್‌ವರೆಗೆ ದಾರಿಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ 40 ಮಕ್ಕಳ ತರಗತಿಗೆ ಖೊ ಖೊ ಪಂದ್ಯವೊಂದನ್ನೇ ಆಡಿಸಿದರೆ ಆಗುವುದೇನು? ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಕುಳಿತಿರುತ್ತಾರೆ, ಒಬ್ಬರು ಓಡುತ್ತಾರೆ. ಎದುರಾಳಿ ತಂಡದಿಂದ ಒಂದು ಬಾರಿಗೆ ಮೂವರು ಅಂಕಣದಲ್ಲಿರುತ್ತಾರೆ. ಅಂದರೆ ಯಾವುದೇ ಒಂದು ಕ್ಷಣದಲ್ಲಿ ಓಡುತ್ತಿರುವವರು ನಾಲ್ವರು ಮಾತ್ರ. ಎರಡೂ ತಂಡಗಳಲ್ಲಿ ಸೇರಿಕೊಳ್ಳದ 22 ಮಕ್ಕಳು ಅಂಕಣದ ಹೊರಗಿರುತ್ತಾರೆ. ಕಬಡ್ಡಿಯಲ್ಲಿ ತಂಡಕ್ಕೆ ಏಳು ಮಂದಿಯಂತೆ 14 ಮಂದಿ ಒಳಗೆ, 26 ಮಂದಿ ಹೊರಗೆ. ಇದು ಆಟದ ದೋಷವಲ್ಲ. ಪಂದ್ಯವನ್ನು ವಾರ್ಮ್ ಅಪ್ ಎಂದು ಭಾವಿಸುವುದು ದೋಷ.

ರಿಲೇ ಓಟದ ಲೆಕ್ಕವನ್ನೂ ನೋಡಬಹುದು. 40 ಮಕ್ಕಳನ್ನು 20ರಂತೆ ಎರಡು ಸಾಲುಗಳಾಗಿ ನಿಲ್ಲಿಸಿ, ಒಬ್ಬರ ಓಟಕ್ಕೆ 15 ಸೆಕೆಂಡು ಎಂದುಕೊಂಡರೆ, ಸರದಿ ಒಂದು ಸುತ್ತು ಮುಗಿಯಲು 5 ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಒಂದು ಮಗುವಿಗೆ ಎರಡು ಸರದಿ, ಅಂದರೆ 30 ಸೆಕೆಂಡುಗಳ ಓಟ. ಉಳಿದ ಒಂಬತ್ತೂವರೆ ನಿಮಿಷ ನಿಂತು ಕಾಯುವುದು. ಅದೇ ಮಕ್ಕಳನ್ನು ಐವರಂತೆ ಎಂಟು ಸಾಲುಗಳಾಗಿ ನಿಲ್ಲಿಸಿದರೆ ಸರದಿ 75 ಸೆಕೆಂಡಿಗೊಮ್ಮೆ ಬರುತ್ತದೆ. ಹತ್ತು ನಿಮಿಷದಲ್ಲಿ ಎಂಟು ಸರದಿ, ಎರಡು ನಿಮಿಷಗಳ ಓಟ. ಮೈದಾನ ಅದೇ, ಮಕ್ಕಳು ಅವರೇ, ಶಿಕ್ಷಕರೂ ಅವರೇ. ಸಾಲುಗಳನ್ನು ಚಿಕ್ಕದು ಮಾಡಿದ್ದರಿಂದಲೇ ಓಟ ನಾಲ್ಕು ಪಟ್ಟು ಹೆಚ್ಚಿತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತಪ್ಪಿದವರು ಹೊರಗೆ ಹೋಗಬೇಕು ಎಂಬ ನಿಯಮವಿರುವ ಆಟಗಳಲ್ಲಿ ಮೊದಲು ಹೊರಬೀಳುವ ಮಗು ಯಾವುದು? ನಿಧಾನವಾಗಿ ಓಡುವ, ತೂಕ ಹೆಚ್ಚಿರುವ, ರಕ್ತಹೀನತೆಯಿಂದ ಬೇಗ ದಣಿಯುವ, ಅಥವಾ ಸಂಕೋಚ ಸ್ವಭಾವದ ಮಗು. ಆಟದ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಆಟ ಅತಿ ಕಡಿಮೆ ಸಿಗುತ್ತದೆ. ವಾರಕ್ಕೊಮ್ಮೆ ಎಲ್ಲರೆದುರು ಮೊದಲಿಗನಾಗಿ ಹೊರಬೀಳುವ ಮಗು ಕೆಲವು ತಿಂಗಳಲ್ಲಿ ಹೊಟ್ಟೆನೋವಿನ ನೆಪ ಹೇಳಲು ಕಲಿಯುತ್ತದೆ. ಆಮೇಲೆ ಅದನ್ನು ಯಾರೂ ಕರೆಯುವುದಿಲ್ಲ.

4. ಯಾರೂ ಹೊರಬೀಳದ ಆರು ಆಟಗಳು

ಕೆಳಗಿನ ಆಟಗಳಿಗೆ ಬೇಕಾಗುವುದು ಸುಮಾರು 20 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ ಮತ್ತು ಒಂದು ಸೀಟಿ. ಇವುಗಳಲ್ಲಿ ಹಲವನ್ನು ಸದಸ್ಯರೇ ಬಾಲ್ಯದಲ್ಲಿ ಆಡಿರುತ್ತಾರೆ. ನಿಯಮಗಳಲ್ಲಿ ಮಾಡಿದ ಸಣ್ಣ ಬದಲಾವಣೆಗಳನ್ನು ಮಾತ್ರ ಗಮನಿಸಬೇಕು.

ಅ) ಸರಪಳಿ ಮುಟ್ಟಾಟ: ಇಬ್ಬರು ಕೈ ಹಿಡಿದು ಇತರರನ್ನು ಮುಟ್ಟಲು ಓಡುತ್ತಾರೆ. ಮುಟ್ಟಿಸಿಕೊಂಡವರು ಹೊರಹೋಗದೆ ಸರಪಳಿಗೆ ಸೇರುತ್ತಾರೆ. ಸರಪಳಿ ನಾಲ್ವರಾದ ಕೂಡಲೇ ಇಬ್ಬರಿಬ್ಬರಾಗಿ ಒಡೆಯಬೇಕು. ಸರಪಳಿ ಉದ್ದವಾದರೆ ತುದಿಯಲ್ಲಿರುವ ಮಗು ಎಳೆತಕ್ಕೆ ಸಿಕ್ಕಿ ಬೀಳುತ್ತದೆ. ಒಡೆಯುವ ನಿಯಮ ಅದಕ್ಕಾಗಿಯೇ.

ಆ) ಲಾಕ್ ಆ್ಯಂಡ್ ಕೀ: ನಾಲ್ವರು ಅಥವಾ ಐವರು ಮುಟ್ಟುವವರು. ಮುಟ್ಟಿಸಿಕೊಂಡವರು ಕಾಲು ಅಗಲಿಸಿ, ಕೈ ಚಾಚಿ ನಿಲ್ಲುತ್ತಾರೆ. ಜೊತೆಗಾರರು ಬಂದು ಅಂಗೈಗೆ ಅಂಗೈ ತಟ್ಟಿದರೆ ಮತ್ತೆ ಓಡಬಹುದು. ಎರಡು ನಿಮಿಷಕ್ಕೊಮ್ಮೆ ಮುಟ್ಟುವವರನ್ನು ಬದಲಿಸಬೇಕು. ಬಿಡಿಸುವುದೇ ಈ ಆಟದ ಹೆಚ್ಚುಗಾರಿಕೆ. ವೇಗವಾಗಿ ಓಡಲಾರದ ಮಗುವೂ ಇಬ್ಬರನ್ನು ಬಿಡಿಸಿ ತಂಡಕ್ಕೆ ಬೇಕಾದವನಾಗುತ್ತದೆ.

ಇ) ಬಾಲ ಕೀಳುವ ಆಟ: ಹಳೆಯ ಬಟ್ಟೆಯಿಂದ ಹರಿದ ಒಂದು ಅಡಿ ಉದ್ದದ ಪಟ್ಟಿಯನ್ನು ಪ್ರತಿ ಮಗುವೂ ಸೊಂಟದ ಹಿಂದೆ ಸಿಕ್ಕಿಸಿಕೊಳ್ಳುತ್ತದೆ. ಎರಡು ಬಣ್ಣ, ಎರಡು ತಂಡ. ತಮ್ಮ ಬಾಲ ಉಳಿಸಿಕೊಂಡು ಎದುರಾಳಿಗಳ ಬಾಲ ಕೀಳಬೇಕು. ಬಾಲ ಕಳೆದುಕೊಂಡವರೂ ಕೀಳುವುದನ್ನು ಮುಂದುವರಿಸುತ್ತಾರೆ. ಎರಡು ನಿಮಿಷದ ನಂತರ ಯಾವ ತಂಡದ ಬಳಿ ಹೆಚ್ಚು ಬಾಲಗಳಿವೆ ಎಂದು ಎಣಿಸಬೇಕು. ಅಂಗಿ ಹಿಡಿಯುವಂತಿಲ್ಲ, ತಳ್ಳುವಂತಿಲ್ಲ. ಪಟ್ಟಿಯನ್ನು ಗಂಟು ಹಾಕಬಾರದು.

ಈ) ಕೆರೆ ದಡ: ಎಲ್ಲರಿಗೂ ತಿಳಿದ ಆಟ. ಗೆರೆಯ ಒಂದು ಬದಿ ಕೆರೆ, ಇನ್ನೊಂದು ಬದಿ ದಡ. ಹೇಳಿದಂತೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು. ತಪ್ಪಿದವರನ್ನು ಹೊರಗಿಡುವ ಬದಲು, ಅವರು ಮೈದಾನದ ತುದಿಯ ಕಂಬವನ್ನು ಮುಟ್ಟಿ ಓಡಿಬಂದು ಮತ್ತೆ ಸಾಲಿಗೆ ಸೇರುತ್ತಾರೆ. ಮೊಣಕಾಲು ಸ್ವಲ್ಪ ಬಾಗಿಸಿ ಮೃದುವಾಗಿ ನೆಲಕ್ಕಿಳಿಯುವುದನ್ನು ಶಿಕ್ಷಕರು ಇಲ್ಲಿಯೇ ಕಲಿಸಬಹುದು. ಮಳೆಗಾಲದಲ್ಲಿ ಜಗುಲಿಯಲ್ಲಿಯೂ, ನೆಲ ಒಣಗಿದ್ದರೆ, ಓಟದ ಬದಲು ಐದು ಬಸ್ಕಿಯೊಂದಿಗೆ ಇದನ್ನು ಆಡಿಸಬಹುದು.

ಉ) ದೋಣಿ ಮುಳುಗಿತು: ಮಕ್ಕಳು ವೃತ್ತಾಕಾರವಾಗಿ ಓಡುತ್ತಿರುವಾಗ ಶಿಕ್ಷಕರು ಒಂದು ಸಂಖ್ಯೆ ಕೂಗುತ್ತಾರೆ. ಅಷ್ಟು ಮಂದಿಯ ಗುಂಪು ಕೂಡಲೇ ಆಗಬೇಕು. ಉಳಿದವರು ಹೊರಹೋಗುವುದಿಲ್ಲ, ಮುಂದಿನ ಸಂಖ್ಯೆಯನ್ನು ಕೂಗುವವರು ಅವರೇ. ಗುಂಪಿನಲ್ಲಿ ಬಾಲಕರೂ ಬಾಲಕಿಯರೂ ಇರಬೇಕು, ಹಿಂದಿನ ಗುಂಪಿನವರೇ ಮತ್ತೆ ಸೇರಬಾರದು ಎಂಬ ನಿಯಮ ಸೇರಿಸಿದರೆ ಕೇರಿ ಕೇರಿಗಳ, ಗೆಳೆತನಗಳ ಗೆರೆಗಳು ತಾವಾಗಿಯೇ ಅಳಿಯುತ್ತವೆ.

ಊ) ಬೀಜ ಕೂಡಿಸುವ ಓಟ: ಐವರ ಸಾಲುಗಳು. ಹತ್ತು ಮೀಟರ್ ದೂರದಲ್ಲಿ ಹುಣಸೆ ಬೀಜಗಳ ರಾಶಿ. ಸರದಿಯಂತೆ ಓಡಿ ಒಂದೊಂದೇ ಬೀಜ ತಂದು ತಮ್ಮ ಸಾಲಿನ ತೆಂಗಿನ ಚಿಪ್ಪಿಗೆ ಹಾಕಬೇಕು. ಕಾಯುತ್ತಿರುವವರು ನಿಂತಲ್ಲಿಯೇ ಕುಣಿಯುತ್ತಿರಬೇಕು. ಮೊದಲ ಸುತ್ತು ಓಟ, ಎರಡನೆಯದು ಅಡ್ಡ ಹೆಜ್ಜೆ, ಮೂರನೆಯದು ಕುಂಟುವುದು.

ಕ್ರಮ ಹೀಗಿರಲಿ: ಮೊದಲ ಎರಡು ನಿಮಿಷ ಹಗುರ ಓಟ ಅಥವಾ ದೋಣಿ ಮುಳುಗಿತು, ನಂತರ ಐದು ನಿಮಿಷ ಮುಟ್ಟಾಟಗಳಲ್ಲಿ ಯಾವುದಾದರೂ ಒಂದು, ಕೊನೆಯ ಮೂರು ನಿಮಿಷ ಕೈ, ಸೊಂಟ, ತೊಡೆ, ಹಿಮ್ಮಡಿಗಳನ್ನು ಆಡಿಸುತ್ತಾ ಚಾಚುವ ವ್ಯಾಯಾಮ. ಒಂದೇ ಭಂಗಿಯಲ್ಲಿ ದೀರ್ಘಕಾಲ ಎಳೆದು ಹಿಡಿಯುವ ವ್ಯಾಯಾಮಗಳನ್ನು ಆಟ ಮುಗಿದ ಮೇಲೆ ಮಾಡಿಸುವುದು ಸೂಕ್ತ.

5. ಆಡದೆ ಉಳಿಯುವವರು ಯಾರು?

ಆರು, ಏಳನೇ ತರಗತಿಯ ನಂತರ ಹೆಣ್ಣುಮಕ್ಕಳು ಮೈದಾನದಿಂದ ಹಿಂದೆ ಸರಿಯುವುದನ್ನು ಅನೇಕ ಶಿಕ್ಷಕಿಯರು ಕಂಡಿರುತ್ತಾರೆ. ಇದಕ್ಕೆ ಕಾರಣ ಆಸಕ್ತಿಯ ಕೊರತೆ ಎನ್ನುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಮೈದಾನದ ಪಕ್ಕದ ಕಟ್ಟೆಯ ಮೇಲೆ ಕುಳಿತು ನೋಡುವ ಹೊರಗಿನವರಿದ್ದಾರೆಯೇ? ಶೌಚಾಲಯದಲ್ಲಿ ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ? ಓಡಲು ಅನುಕೂಲವಾದ ಉಡುಪಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಮಕ್ಕಳಲ್ಲ; ಶಾಲೆ, ಪೋಷಕರು ಮತ್ತು ಪಂಚಾಯಿತಿ.

ಅಂಗವಿಕಲ ಮಕ್ಕಳನ್ನು ಅಂಕ ಬರೆಯಲು ಅಥವಾ ಚಪ್ಪಲಿ ಕಾಯಲು ಕೂರಿಸುವುದು ಉದ್ದೇಶಪೂರ್ವಕವಲ್ಲದಿದ್ದರೂ ಅನ್ಯಾಯವೇ. ಲಾಕ್ ಆ್ಯಂಡ್ ಕೀ ಆಟದಲ್ಲಿ ನಿಧಾನವಾಗಿ ನಡೆಯುವ ಮಗುವಿಗೆ ಬಿಡಿಸುವ ಪಾತ್ರವನ್ನು ಕಾಯಂ ಆಗಿ ನೀಡಿ, ಆ ಮಗುವನ್ನು ಯಾರೂ ಲಾಕ್ ಮಾಡುವಂತಿಲ್ಲ ಎಂಬ ನಿಯಮ ಮಾಡಬಹುದು. ಉಬ್ಬಸ, ಹೃದಯದ ತೊಂದರೆ ಅಥವಾ ಮೂರ್ಛೆ ರೋಗವಿರುವ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆಯನ್ನು ಶಾಲೆ ತಿಳಿದಿರಬೇಕು. ಊಟವಾದ ಕೂಡಲೇ ಓಟದ ಆಟ ಬೇಡ. ಬೇಸಿಗೆಯಲ್ಲಿ ಆಟದ ಅವಧಿಯನ್ನು ಬೆಳಗಿನ ವೇಳೆಗೆ ಇಡುವುದು ಮತ್ತು ನಡುವೆ ನೀರು ಕುಡಿಸುವುದು ಕಡ್ಡಾಯವೆಂದೇ ತಿಳಿಯಬೇಕು.

6. ಗ್ರಾಮ ಪಂಚಾಯಿತಿ ಮಾಡಬಹುದಾದದ್ದು

ನೆಲ: ಕ್ರೀಡಾಕೂಟಕ್ಕೆ ಟ್ರೋಫಿ ಮತ್ತು ಜೆರ್ಸಿ ಕೊಡಿಸುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಮೈದಾನದ ಕಲ್ಲು ಆರಿಸುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮೊದಲನೆಯದು ಹತ್ತಾರು ಮಕ್ಕಳಿಗೆ, ಎರಡನೆಯದು ಎಲ್ಲರಿಗೂ. ಮೈದಾನದಲ್ಲಿ ಎದ್ದ ಕಲ್ಲು, ಕತ್ತರಿಸಿದ ಮರದ ಬೊಡ್ಡೆ, ಕಟ್ಟಡ ಕಾಮಗಾರಿಯಲ್ಲಿ ಉಳಿದ ಕಬ್ಬಿಣದ ತುಂಡು, ಒಡೆದ ಗಾಜು, ಇವುಗಳನ್ನು ತೆಗೆಸುವುದು ಮೊದಲ ಕೆಲಸ. ನೀರು ನಿಲ್ಲದಂತೆ ನೂರು ಅಡಿಗೆ ಸುಮಾರು ಒಂದು ಅಡಿಯ ಇಳಿಜಾರು ಸಾಕು. ಎರೆಭೂಮಿಯಲ್ಲಿ ಬೇಸಿಗೆಯ ಬಿರುಕುಗಳಲ್ಲಿ ಪಾದ ಸಿಕ್ಕಿ ಉಳುಕುವ ಅಪಾಯವಿರುವುದರಿಂದ ಮೇಲೆ ಕೆಂಪು ಮಣ್ಣಿನ ಪದರ ಹಾಕಿ ಹದವಾಗಿ ಒತ್ತಬೇಕು. ಓಟದ ಗುರಿಗೆರೆಯಿಂದ ಗೋಡೆ ಅಥವಾ ಕಂಬಕ್ಕೆ ಕನಿಷ್ಠ ಐದು ಮೀಟರ್ ಅಂತರವಿರಲಿ. ಗೆರೆ ಎಳೆಯಲು ಸುಡುಸುಣ್ಣ ಬಳಸಬಾರದು. ಅದು ಕಣ್ಣಿಗೆ ಬಿದ್ದರೆ ಗಂಭೀರ ಹಾನಿಯಾಗುತ್ತದೆ. ರಂಗೋಲಿ ಪುಡಿ ಸಾಕು.

ಹಣ: ಆಟದ ಮೈದಾನದ ನಿರ್ಮಾಣವು ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಅನುಮತಿಸಿದ ಕಾಮಗಾರಿಗಳಲ್ಲಿ ಸ್ಥಾನ ಪಡೆದಿತ್ತು; ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳು ಈ ಮಾರ್ಗದಲ್ಲಿ ಶಾಲಾ ಮೈದಾನಗಳನ್ನು ರೂಪಿಸಿವೆ. ಪ್ರಸ್ತಾವನೆ ಸಿದ್ಧಪಡಿಸುವಾಗ ಆ ವರ್ಷ ಜಾರಿಯಲ್ಲಿರುವ ಮಾರ್ಗಸೂಚಿಯನ್ನು ಅನುಸರಿಸಿ, ವಾರ್ಡ್ ಸಭೆ ಮತ್ತು ಗ್ರಾಮಸಭೆಗಳ ಮೂಲಕ ಕಾಮಗಾರಿಯನ್ನು ಕ್ರಿಯಾ ಯೋಜನೆಗೆ ಸೇರಿಸಬೇಕು. ಶಾಲಾ ಜಾಗದ ಗಡಿ ಅಳತೆಯಾಗಿ ದಾಖಲೆ ಸರಿಯಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಂಡರೆ ಮುಂದೆ ತಕರಾರು ಬರುವುದಿಲ್ಲ.

ಮಾತು: ಮಕ್ಕಳ ವಿಶೇಷ ಗ್ರಾಮಸಭೆಯಲ್ಲಿ ಮೈದಾನದ ಬೇಡಿಕೆ ಬಂದಾಗ ಕೇಳಿದ ಮಗುವಿಗೆ ಚಪ್ಪಾಳೆ ತಟ್ಟಿ ಮುಗಿಸಬಾರದು. ಅದನ್ನು ನಡಾವಳಿಯಲ್ಲಿ ದಾಖಲಿಸಿ, ಮುಂದಿನ ವರ್ಷದ ಸಭೆಯಲ್ಲಿ ಅದೇ ಮಕ್ಕಳ ಮುಂದೆ ಉತ್ತರ ಹೇಳಬೇಕು.

ಮರ್ಯಾದೆ: ಸದಸ್ಯರು ಮೈದಾನಕ್ಕೆ ಹೋಗಿ ಶಿಕ್ಷಕರಿಗೆ ಆಟ ಹೇಗೆ ಆಡಿಸಬೇಕೆಂದು ಮಕ್ಕಳೆದುರು ಆದೇಶಿಸುವುದು ಸಲ್ಲದು. ದೈಹಿಕ ಶಿಕ್ಷಕರಿಲ್ಲದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಿಭಾಯಿಸುತ್ತಿರುತ್ತಾರೆ. ಕಂಡದ್ದನ್ನು ಮುಖ್ಯ ಶಿಕ್ಷಕರೊಂದಿಗೆ ಹಾಗೂ ಎಸ್‌ಡಿಎಂಸಿ ಸಭೆಯಲ್ಲಿ ಸಮಾಲೋಚಿಸುವುದೇ ಸರಿಯಾದ ಮಾರ್ಗ.

7. ಮುಂದಿನ ಭೇಟಿಯಲ್ಲಿ ಮಾಡಬೇಕಾದ ಒಂದು ಕೆಲಸ

ಶಾಲೆಯ ವೇಳಾಪಟ್ಟಿ ಕೇಳಿ, ಆಟದ ಅವಧಿಯಿರುವ ಹೊತ್ತಿಗೆ ಹೋಗಬೇಕು. ಮುಖ್ಯ ಶಿಕ್ಷಕರಿಗೆ ತಿಳಿಸಿ ದೂರದಲ್ಲಿ ನಿಲ್ಲಬೇಕು. ಆಟ ಆರಂಭವಾದ ಎರಡನೇ, ಐದನೇ ಮತ್ತು ಎಂಟನೇ ನಿಮಿಷಗಳಲ್ಲಿ ಸುಮ್ಮನೆ ನಿಂತಿರುವ ಅಥವಾ ಕುಳಿತಿರುವ ಮಕ್ಕಳನ್ನು ಎಣಿಸಿ ಬರೆದುಕೊಳ್ಳಬೇಕು. ಅವರಲ್ಲಿ ಬಾಲಕಿಯರೆಷ್ಟು ಎಂಬುದನ್ನೂ ಗುರುತು ಹಾಕಬೇಕು. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಮೂರು ತಿಂಗಳ ನಂತರ ಅದೇ ರೀತಿ ಮತ್ತೊಮ್ಮೆ ಎಣಿಸಿ, ಎರಡೂ ಸಂಖ್ಯೆಗಳನ್ನು ಎಸ್‌ಡಿಎಂಸಿ ಸಭೆಯ ಮುಂದಿಡಬೇಕು.

ಗೆದ್ದ ತಂಡದ ಛಾಯಾಚಿತ್ರ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಅದು ಊರಿಗೆ ಶೋಭೆ. ಆದರೆ ಶಾಲೆಯ ಆಟದ ಅವಧಿಯನ್ನು ಅಳೆಯಬೇಕಾದದ್ದು ಆ ಚಿತ್ರದಲ್ಲಿರುವ ಹನ್ನೆರಡು ಮಕ್ಕಳಿಂದಲ್ಲ, ಆ ದಿನ ಮರದ ಕೆಳಗೆ ಕುಳಿತಿದ್ದ ಮಕ್ಕಳಿಂದ. ಆ ಸಂಖ್ಯೆ ಸೊನ್ನೆಯತ್ತ ಇಳಿಯುತ್ತಿದ್ದರೆ ಪಂಚಾಯಿತಿ ಹಾಕಿಸಿದ ಮಣ್ಣು ಸಾರ್ಥಕವಾಯಿತೆಂದು ತಿಳಿಯಬಹುದು.

ಸಭೆಯಲ್ಲಿ ಚರ್ಚಿಸಲು:
1. ನಮ್ಮ ಪಂಚಾಯಿತಿ ವ್ಯಾಪ್ತಿಯ ಎಷ್ಟು ಶಾಲೆಗಳಿಗೆ ಸ್ವಂತ ಮೈದಾನವಿದೆ? ಮೈದಾನವಿಲ್ಲದ ಶಾಲೆಯ ಮಕ್ಕಳು ಎಲ್ಲಿ ಆಡುತ್ತಾರೆ?
2. ಕಳೆದ ಮಕ್ಕಳ ಗ್ರಾಮಸಭೆಯಲ್ಲಿ ಆಟಕ್ಕೆ ಸಂಬಂಧಿಸಿದ ಯಾವ ಬೇಡಿಕೆಗಳು ಬಂದಿದ್ದವು? ಅವುಗಳ ಸ್ಥಿತಿಯೇನು?
3. ಹಣವಿಲ್ಲದೆ, ಶ್ರಮದಾನದಿಂದಲೇ ಈ ತಿಂಗಳು ಮೈದಾನದಲ್ಲಿ ಮಾಡಬಹುದಾದ ಒಂದು ಕೆಲಸ ಯಾವುದು?